ಬೆನ್ನ ಮೇಲಿನ ಪಂಪು, ಕೋಶದೊಳಗಿನ ಪಂಪು: ತೊಗರಿ ಹೊಲದಿಂದ ನರದ ತನಕ

ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿದರೆ ಸುಮಾರು 35 ಕಿಲೋಮೀಟರ್‌ಗೆ ಕಮಲಾಪುರ. ಹೊರಗಿನವರಿಗೆ ಈ ಊರು ಗೊತ್ತಿರುವುದು ಕೆಂಪು ಬಾಳೆಯಿಂದ, ಜಿಐ ಟ್ಯಾಗ್ ಪಡೆದ ಹಣ್ಣು ಅದು. ನನಗೆ ಗೊತ್ತಿರುವುದು ಮಾಮಾನ ತೊಗರಿ ಹೊಲದಿಂದ. ಮಾಮಾ ಅಂದರೆ ಅವ್ವನ ತಮ್ಮ. ಅವರ ಹಳ್ಳಿ ಕಮಲಾಪುರದಿಂದ ಇನ್ನೂ ಒಳಗೆ. ಕರಿಮಣ್ಣು, ಮಳೆ ನಂಬಿದ ಬೇಸಾಯ.

ಮೂರು ವರ್ಷದ ಹಿಂದಿನ ನವೆಂಬರ್. ನಾಲ್ಕು ದಿನದಿಂದ ಮೋಡ ಕಟ್ಟಿತ್ತು. ಹೂವು, ಕಾಯಿ ಎರಡೂ ಇರುವ ಹೊತ್ತಲ್ಲಿ ಮೋಡ ಕವಿದರೆ ತೊಗರಿ ಬೆಳೆಯುವವರಿಗೆ ನಿದ್ದೆ ಹತ್ತಲ್ಲ, ಹಸಿರು ಕೀಡಿ ಬೀಳುತ್ತೆ. ಮಾಮಾ ಮತ್ತು ಕೂಲಿಗೆ ಕರೆದಿದ್ದ ಒಬ್ಬ ಹುಡುಗ ಬೆಳಗ್ಗೆಯಿಂದ ಎಣ್ಣಿ ಹೊಡೆದರು. ನಮ್ಮ ಕಡೆ ಕೀಟನಾಶಕಕ್ಕೆ ಎಣ್ಣಿ ಅಂತಾರೆ, ಬೆನ್ನಿಗೆ ಕಟ್ಟಿಕೊಂಡು ಸಿಂಪಡಿಸುವ ಡಬ್ಬಿಗೆ ಪಂಪು. ಕೂಲಿಯ ಲೆಕ್ಕವೂ ಪಂಪಿನಲ್ಲೇ, ಒಂದು ಪಂಪಿಗೆ ಇಷ್ಟು ಅಂತ. ಸಂಜೆ ಮನೆಗೆ ಬಂದ ಮಾಮಾ ಅತ್ತಿಗೆ ಹೇಳಿದ್ದು ಇಷ್ಟೇ: "ಕಣ್ಣಿಗಿ ಮಂಜು ಮಂಜು ಕಾಣಲತ್ತದ."

ಆಮೇಲೆ ಎಲ್ಲವೂ ಬೇಗ ಬೇಗ ಆಯಿತು. ಬೆವರು ನಿಲ್ಲಲಿಲ್ಲ. ಬಾಯಿಂದ ಜೊಲ್ಲು. ಎರಡು ಸಲ ವಾಂತಿ. ರೆಪ್ಪೆ ಮತ್ತು ತೋಳಿನ ಸ್ನಾಯುಗಳು ಚರ್ಮದ ಕೆಳಗೆ ಹುಳ ಹರಿದ ಹಾಗೆ ಅದುರತೊಡಗಿದವು. ಯಾರದೋ ಕಾರಿನಲ್ಲಿ ಕಲಬುರಗಿಗೆ ತಂದರು. ನಾನು ಆಸ್ಪತ್ರೆ ಮುಟ್ಟುವ ಹೊತ್ತಿಗೆ ಡ್ಯೂಟಿ ಡಾಕ್ಟರ್ ಕಣ್ಣಿಗೆ ಟಾರ್ಚ್ ಬಿಟ್ಟು ನೋಡುತ್ತಿದ್ದರು. ಪಾಪೆ ಸೂಜಿಮೊನೆಯಷ್ಟು ಸಣ್ಣದಾಗಿತ್ತು. "ಏನು ಹೊಡೆದಿದ್ದು? ಬಾಟಲಿ ತಂದಿದ್ದೀರಾ?" ಅಂದರು. ಯಾರೂ ತಂದಿರಲಿಲ್ಲ. ಅವರು ಕಾಯಲಿಲ್ಲ, ಅಟ್ರೋಪಿನ್ ಶುರು ಮಾಡಿದರು. ಆ ರಾತ್ರಿ ಕಾರಿಡಾರ್‌ನಲ್ಲಿ ಕೂತು ನಾನು ಫೋನಿನಲ್ಲಿ ಓದಿದ್ದು, ಆಮೇಲೆ ತಿಂಗಳುಗಟ್ಟಲೆ ಓದಿದ್ದು, ಈ ಬರಹ.

ಮಾಮಾ ಉಳಿದರು, ಅದನ್ನು ಮೊದಲೇ ಹೇಳಿಬಿಡ್ತೀನಿ. ಕೂಲಿ ಹುಡುಗನ ಕಥೆ ಬೇರೆ, ಅದಕ್ಕೆ ಬರುತ್ತೇನೆ.

ನರ ವೈರ್ ಅಲ್ಲ

ನಾನು ಎಲೆಕ್ಟ್ರಾನಿಕ್ಸ್ ಇಂಜಿನಿಯರಿಂಗ್ ಓದಿದವನು. ನರ ಅಂದರೆ ಮೈಯೊಳಗಿನ ವೈರಿಂಗ್ ಅಂತಲೇ ನಂಬಿದ್ದೆ. ತಾಮ್ರದ ವೈರ್‌ನಲ್ಲಿ ಸಿಗ್ನಲ್ ಬೆಳಕಿನ ವೇಗದ ಅರ್ಧಕ್ಕಿಂತ ಹೆಚ್ಚು ವೇಗದಲ್ಲಿ ಓಡುತ್ತೆ. ನಮ್ಮ ಅತಿ ವೇಗದ ನರಗಳಲ್ಲಿ ಅದು ಸೆಕೆಂಡಿಗೆ 100 ಮೀಟರ್ ಆಸುಪಾಸು. ಕಾಲು ಸುಟ್ಟಾಗ ಆಮೇಲೆ ನಿಧಾನಕ್ಕೆ ಬರುವ ಉರಿ ನೋವಿದೆಯಲ್ಲ, ಅದನ್ನು ಹೊರುವ ತೆಳು ನರಗಳಲ್ಲಿ ಸೆಕೆಂಡಿಗೆ ಒಂದೋ ಎರಡೋ ಮೀಟರ್. ನೀವು ನಡೆಯುವಷ್ಟು ವೇಗ.

ಯಾಕೆ ಅಂದರೆ ನರದ ಉದ್ದಕ್ಕೂ ಎಲೆಕ್ಟ್ರಾನ್ ಓಡುವುದಿಲ್ಲ. ಅಲ್ಲಿ ಓಡಾಡುವುದು ಅಯಾನುಗಳು, ಅಂದರೆ ವಿದ್ಯುದಾವೇಶ ಹೊತ್ತ ಪರಮಾಣುಗಳು. ಅವೂ ಉದ್ದಕ್ಕೆ ಪ್ರಯಾಣ ಮಾಡಲ್ಲ, ಪೊರೆಯನ್ನು ಅಡ್ಡಕ್ಕೆ ದಾಟುತ್ತವೆ, ಒಳಗೆ ಹೊರಗೆ. ಜಾತ್ರೆಯ ಜನಸಂದಣಿಯಲ್ಲಿ ಒಬ್ಬ ನೂಕಿದರೆ ನೂಕು ಮುಂದೆ ಹೋಗುತ್ತೆ, ನೂಕಿದವ ಇದ್ದಲ್ಲೇ ಇರುತ್ತಾನೆ. ನರದ ಸಿಗ್ನಲ್ ಆ ಥರದ್ದು.

ಪೊರೆ ಅಂದರೆ ಎರಡು ಪದರ ಕೊಬ್ಬು, ದಪ್ಪ ಸುಮಾರು 5 ನ್ಯಾನೋಮೀಟರ್. ಉಪ್ಪು ನೀರಿನಲ್ಲಿ ಕರಗಿದಾಗ ಸೋಡಿಯಂ ಅಯಾನು ಸುತ್ತ ನೀರಿನ ಅಣುಗಳನ್ನು ಹೊದ್ದುಕೊಂಡಿರುತ್ತೆ. ಆ ಹೊದಿಕೆ ಬಿಟ್ಟು ಕೊಬ್ಬಿನೊಳಗೆ ನುಗ್ಗಲು ಅದಕ್ಕೆ ಆಗದು. ಹಾಗಾಗಿ ಪೊರೆ ಅಯಾನುಗಳ ಮಟ್ಟಿಗೆ ಗೋಡೆ. ಗೋಡೆಯಲ್ಲಿ ಪ್ರೋಟೀನಿನಿಂದ ಮಾಡಿದ ಎರಡು ಬಗೆಯ ದಾರಿಗಳಿವೆ. ಒಂದು ಬಾಗಿಲು, ಅಂದರೆ ಚಾನೆಲ್: ತೆರೆದರೆ ಅಯಾನು ಹೆಚ್ಚಿರುವ ಕಡೆಯಿಂದ ಕಡಿಮೆ ಇರುವ ಕಡೆಗೆ ತಾನಾಗಿ ಹರಿಯುತ್ತೆ. ಇನ್ನೊಂದು ಪಂಪು: ಶಕ್ತಿ ಸುಟ್ಟು ಅಯಾನನ್ನು ಏರಿಗೆ ತಳ್ಳುತ್ತೆ.

ಮುಖ್ಯ ಪಂಪು ಒಂದು ಸುತ್ತಿಗೆ 3 ಸೋಡಿಯಂ ಹೊರಗೆ ಹಾಕಿ 2 ಪೊಟ್ಯಾಶಿಯಂ ಒಳಗೆ ಎಳೆಯುತ್ತೆ, ಅದಕ್ಕೆ ಒಂದು ಎಟಿಪಿ ಅಣು ಖರ್ಚು. ಡೆನ್ಮಾರ್ಕಿನ ಯೆನ್ಸ್ ಸ್ಕೌ 1957ರಲ್ಲಿ ಏಡಿಯ ನರದಲ್ಲಿ ಇದನ್ನು ಗುರುತಿಸಿದರು, ನೊಬೆಲ್ ಬಂದಿದ್ದು ಬರೋಬ್ಬರಿ 40 ವರ್ಷ ಬಿಟ್ಟು, 1997ರಲ್ಲಿ. ನೀವು ಸುಮ್ಮನೆ ಮಲಗಿದ್ದಾಗ ದೇಹ ಸುಡುವ ಶಕ್ತಿಯಲ್ಲಿ ಹೆಚ್ಚುಕಡಿಮೆ ಐದನೇ ಒಂದು ಪಾಲು ಈ ಪಂಪಿಗೇ ಹೋಗುತ್ತೆ. ಕೂಲಿ ಇಲ್ಲದ ದಿನವೂ ನಿಲ್ಲದ ಪಂಪು.

ಇದರ ಕೆಲಸ ಎಷ್ಟು ನಾಜೂಕು ಅನ್ನೋದಕ್ಕೆ ಕಮಲಾಪುರದ ಬಾಳೆಹಣ್ಣನ್ನೇ ತಗೊಳ್ಳಿ. ಯಾವ ಜಾತಿಯದಾದರೂ ಸರಿ, ಒಂದು ಮಧ್ಯಮ ಗಾತ್ರದ ಬಾಳೆಹಣ್ಣಿನಲ್ಲಿ 400 ಮಿಲಿಗ್ರಾಂ ಆಸುಪಾಸು ಪೊಟ್ಯಾಶಿಯಂ ಇರುತ್ತೆ. ನಿಮ್ಮ ಮೈಯ ಅಷ್ಟೂ ರಕ್ತದ ಪ್ಲಾಸ್ಮಾದಲ್ಲಿ, ಅಂದರೆ ಸುಮಾರು 3 ಲೀಟರ್ ದ್ರವದಲ್ಲಿ, ಕರಗಿರುವ ಪೊಟ್ಯಾಶಿಯಂ ಕೂಡ ಹತ್ತಿರಹತ್ತಿರ ಅಷ್ಟೇ. ಒಂದು ಹಣ್ಣು ತಿಂದು ಅದು ಪೂರ್ತಿ ರಕ್ತದಲ್ಲೇ ಉಳಿದರೆ ಪ್ರಮಾಣ ದುಪ್ಪಟ್ಟಿನ ಹತ್ತಿರ ಹೋಗಿ ಹೃದಯದ ಬಡಿತ ತಪ್ಪಬಹುದು. ಹಾಗಾಗಲ್ಲ, ಯಾಕಂದ್ರೆ ಊಟವಾದ ಮೇಲೆ ಏರುವ ಇನ್ಸುಲಿನ್ ಈ ಪಂಪುಗಳಿಗೆ ಚುರುಕು ಮುಟ್ಟಿಸುತ್ತೆ, ಪೊಟ್ಯಾಶಿಯಂ ಕೋಶಗಳ ಒಳಗೆ ಸರಿಯುತ್ತೆ, ಹೆಚ್ಚಾದದ್ದನ್ನು ಮೂತ್ರಪಿಂಡ ಹೊರಗೆ ಹಾಕುತ್ತೆ. ಡಯಾಲಿಸಿಸ್ ಮಾಡಿಸುವವರಿಗೆ ಡಾಕ್ಟರ್ ಬಾಳೆಹಣ್ಣು ಬೇಡ ಅನ್ನುವುದರ ಹಿಂದಿನ ಲೆಕ್ಕ ಇದೇ.

ಪಂಪಿನ ದುಡಿಮೆಯ ಫಲ: ಹೊರಗೆ ಲೀಟರಿಗೆ 145 ಮಿಲಿಮೋಲ್ ಸೋಡಿಯಂ, ಒಳಗೆ ಅದರ ಹತ್ತನೇ ಒಂದರಷ್ಟು. ಪೊಟ್ಯಾಶಿಯಂ ಉಲ್ಟಾ, ಒಳಗೆ 140ರ ಆಸುಪಾಸು, ಹೊರಗೆ 4 ಚಿಲ್ಲರೆ. ವಿಶ್ರಾಂತಿಯಲ್ಲಿರುವ ನರಕೋಶದ ಪೊರೆಯಲ್ಲಿ ಪೊಟ್ಯಾಶಿಯಂ ಬಾಗಿಲುಗಳು ಕೆಲವು ತೆರೆದೇ ಇರುತ್ತವೆ. ಅದು ಧನ ಆವೇಶ ಹೊತ್ತು ಸೋರಿ ಹೋಗುತ್ತೆ, ಒಳಭಾಗ ಋಣವಾಗುತ್ತೆ. ಸುಮಾರು ಮೈನಸ್ 70 ಮಿಲಿವೋಲ್ಟ್.

70 ಮಿಲಿವೋಲ್ಟ್ ಅಂದರೆ ಪೆನ್ ಟಾರ್ಚಿನ ಸೆಲ್ಲಿನ ಇಪ್ಪತ್ತನೇ ಒಂದು ಭಾಗ. ಆದರೆ ಇಂಜಿನಿಯರಿಂಗ್ ಹುಡುಗರು ಇಲ್ಲಿ ಕ್ಯಾಲ್ಕುಲೇಟರ್ ತೆಗೀರಿ. ಅದು 5 ನ್ಯಾನೋಮೀಟರ್ ದಪ್ಪದ ಪೊರೆಯ ಎರಡು ಬದಿಯ ನಡುವೆ. ಮೀಟರಿಗೆ ಲೆಕ್ಕ ಹಾಕಿದರೆ 1.4 ಕೋಟಿ ವೋಲ್ಟ್. ಒಣ ಗಾಳಿ ಸೀಳಿ ಕಿಡಿ ಹಾರಲು ಮೀಟರಿಗೆ 30 ಲಕ್ಷ ವೋಲ್ಟ್ ಸಾಕು. ಹೊಲದ ಮೇಲೆ ಸಿಡಿಲು ಹೊಡೆಯಲು ಬೇಕಾದದ್ದಕ್ಕಿಂತ ನಾಲ್ಕು ಪಟ್ಟು ಮಿಕ್ಕಿದ ಒತ್ತಡವನ್ನು ಹೊಲದಲ್ಲಿ ನಿಂತವನ ಒಂದೊಂದು ನರಕೋಶವೂ ಹಿಡಿದಿಟ್ಟಿರುತ್ತೆ.

ಒಂದು ಮಿಲಿಸೆಕೆಂಡಿನ ಕೆಲಸ

ಸಿಗ್ನಲ್ ಅಂದರೆ ಈ ಒತ್ತಡವನ್ನು ಒಂದು ಗಳಿಗೆ ಬಿಟ್ಟುಕೊಡುವುದು. ಪೊರೆಯ ಒಂದು ಜಾಗದಲ್ಲಿ ವೋಲ್ಟೇಜ್ ಒಂದು ಮಿತಿ ದಾಟಿ ಏರಿದರೆ ಅಲ್ಲಿನ ಸೋಡಿಯಂ ಬಾಗಿಲುಗಳು ಪಟಪಟ ತೆರೆಯುತ್ತವೆ. ಸೋಡಿಯಂ ಒಳನುಗ್ಗುತ್ತೆ, ಮೈನಸ್ 70 ಇದ್ದದ್ದು ಪ್ಲಸ್ 30, 40ರ ತನಕ ಹಾರುತ್ತೆ. ಒಂದು ಮಿಲಿಸೆಕೆಂಡ್ ಕಳೆಯುವುದರೊಳಗೆ ಆ ಬಾಗಿಲುಗಳು ತಾವಾಗಿ ಅಗಳಿ ಹಾಕಿಕೊಳ್ಳುತ್ತವೆ. ಅಷ್ಟರಲ್ಲಿ ಇನ್ನೊಂದಿಷ್ಟು ಪೊಟ್ಯಾಶಿಯಂ ಬಾಗಿಲು ತೆರೆದು ವೋಲ್ಟೇಜ್ ಮರಳಿ ಇಳಿಯುತ್ತೆ. ಪಕ್ಕದ ಜಾಗಕ್ಕೆ ನೂಕು ಮುಟ್ಟಿರುತ್ತೆ, ಅಲ್ಲಿ ಅದೇ ಆಟ. ಅಗಳಿ ಬಿದ್ದ ಜಾಗ ಕೂಡಲೇ ತೆರೆಯಲಾಗದ್ದರಿಂದ ಸಿಗ್ನಲ್ ಹಿಂದಕ್ಕೆ ಬರಲ್ಲ, ಮುಂದಕ್ಕೇ ಹೋಗುತ್ತೆ. ಈ ಅಗಳಿಯನ್ನು ನೆನಪಿಟ್ಟುಕೊಳ್ಳಿ, ಎಣ್ಣಿಯ ಕಥೆಯಲ್ಲಿ ಬೇಕಾಗುತ್ತೆ.

ಇದನ್ನು ಬಿಡಿಸಿದವರು ಅಲನ್ ಹಾಡ್ಜ್‌ಕಿನ್ ಮತ್ತು ಆಂಡ್ರೂ ಹಕ್ಸ್‌ಲಿ. ಸ್ಕ್ವಿಡ್ ಎಂಬ ಸಮುದ್ರಜೀವಿಯಲ್ಲಿ ಬರಿಗಣ್ಣಿಗೆ ಕಾಣುವ, ಅರ್ಧ ಮಿಲಿಮೀಟರಿಗೂ ದಪ್ಪದ ನರತಂತು ಇರುತ್ತೆ. ಅದರೊಳಗೆ ತಂತಿ ತೂರಿಸಿ ಅಳೆದರು. 1952ರಲ್ಲಿ ಪ್ರಕಟಿಸಿದ ಸಮೀಕರಣಗಳನ್ನು ಬಿಡಿಸುವ ಹೊತ್ತಿಗೆ ಕೇಂಬ್ರಿಡ್ಜ್‌ನ ಕಂಪ್ಯೂಟರ್ ಮಾರ್ಪಾಡಿಗಾಗಿ ನಿಂತಿತ್ತು, ಹಕ್ಸ್‌ಲಿ ಕೈಯಿಂದ ತಿರುಗಿಸುವ ಲೆಕ್ಕದ ಯಂತ್ರದಲ್ಲಿ ವಾರಗಟ್ಟಲೆ ಕೂತು ಬಿಡಿಸಿದರು. 1963ರಲ್ಲಿ ಇಬ್ಬರಿಗೂ ನೊಬೆಲ್. ಬಾಗಿಲು ಅನ್ನುವ ವಸ್ತು ನಿಜಕ್ಕೂ ಇದೆಯಾ ಅನ್ನುವುದು ಅವರಿಗೆ ಗೊತ್ತಿರಲಿಲ್ಲ. ಒಂದೇ ಒಂದು ಚಾನೆಲ್ ತೆರೆದು ಮುಚ್ಚುವುದನ್ನು ನೇಹರ್ ಮತ್ತು ಸಾಕ್‌ಮನ್ ದಾಖಲಿಸಿದ್ದು 1976ರಲ್ಲಿ. ಪೊಟ್ಯಾಶಿಯಂ ಬಾಗಿಲಿನ ಒಳರೂಪವನ್ನು ರಾಡ್ರಿಕ್ ಮೆಕಿನನ್ ತಂಡ ಎಕ್ಸ್‌ರೇಯಲ್ಲಿ ಕಂಡಿದ್ದು 1998ರಲ್ಲಿ.

ನರತಂತು ಮುಗಿದಲ್ಲಿ ಸ್ನಾಯು ಶುರು, ನಡುವೆ ಸಣ್ಣ ಸಂದು. ವಿದ್ಯುತ್ತು ಅದನ್ನು ಹಾರಲ್ಲ. ಸಿಗ್ನಲ್ ತುದಿ ಮುಟ್ಟಿದಾಗ ಕ್ಯಾಲ್ಸಿಯಂ ಬಾಗಿಲುಗಳು ತೆರೆಯುತ್ತವೆ, ಕ್ಯಾಲ್ಸಿಯಂ ಒಳಬಂದು ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕದ ಪುಟ್ಟ ಚೀಲಗಳನ್ನು ಸಂದಿಗೆ ಸುರಿಸುತ್ತೆ. ಅದು ಆಚೆ ದಡದ ಬಾಗಿಲನ್ನು ತಟ್ಟುತ್ತೆ, ಬಾಗಿಲು ತೆರೆದು ಸೋಡಿಯಂ ನುಗ್ಗುತ್ತೆ, ಸ್ನಾಯು ಬಿಗಿಯುತ್ತೆ. ಸ್ನಾಯು ಸಡಿಲವಾಗಬೇಕಾದರೆ ತಟ್ಟಿದ ಕೈಯನ್ನು ತೆಗೆಯಬೇಕಲ್ಲ? ಅದಕ್ಕೆ ಸಂದಿನಲ್ಲೇ ಒಂದು ಕಿಣ್ವ ಕಾದು ಕೂತಿರುತ್ತೆ, ಅಸಿಟೈಲ್‌ಕೋಲಿನೆಸ್ಟರೇಸ್. ಒಂದೊಂದು ಅಣುವೂ ಸೆಕೆಂಡಿಗೆ ಸಾವಿರಾರು ಅಸಿಟೈಲ್‌ಕೋಲಿನ್ ಕತ್ತರಿಸಿ ಹಾಕುತ್ತೆ. ದೇಹದ ಅತಿ ಚುರುಕಿನ ಕೆಲಸಗಾರರಲ್ಲಿ ಇದೂ ಒಂದು. ಪೌರಕಾರ್ಮಿಕರ ಹಾಗೆ, ಕೆಲಸ ನಿಲ್ಲಿಸಿದ ದಿನವೇ ಇವರೂ ಇದ್ದರು ಅಂತ ಊರಿಗೆ ಗೊತ್ತಾಗುವುದು.

ಒಂದೇ ಬಾಟಲಿ, ಎರಡು ಏಟು

ಮಾರನೇ ದಿನ ಹೊಲದ ಬದುವಿನಲ್ಲಿ ಸಿಕ್ಕ ಬಾಟಲಿಯ ಮೇಲೆ ಎರಡು ಹೆಸರಿದ್ದವು: ಪ್ರೊಫೆನೋಫಾಸ್ ಮತ್ತು ಸೈಪರ್‌ಮೆಥ್ರಿನ್. ಲೇಬಲ್ಲಿನಲ್ಲಿದ್ದ ಬೆಳೆ ಹತ್ತಿ. ತೊಗರಿಯ ಹೆಸರೇ ಇರಲಿಲ್ಲ. ಅಂಗಡಿಯವರು ಕೊಟ್ಟರು, ಮಾಮಾ ತಂದರು. ಕೀಡಿ ಎರಡರಲ್ಲೂ ಅದೇ ತಾನೇ?

ಸೈಪರ್‌ಮೆಥ್ರಿನ್ ಪೈರೆಥ್ರಾಯ್ಡ್ ಗುಂಪಿನದು, ಸೇವಂತಿಗೆಯ ಜಾತಿಯ ಹೂವಿನಲ್ಲಿರುವ ವಿಷದ ಕಾರ್ಖಾನೆ ರೂಪ. ಅದು ಹೋಗಿ ಕೂರುವುದು ಸೋಡಿಯಂ ಬಾಗಿಲಿನಲ್ಲೇ, ಅಗಳಿ ಬೀಳದಂತೆ ತಡೆದು ಹಿಡಿಯುತ್ತೆ. ಕೀಡಿಯ ನರ ಸಿಗ್ನಲ್ ಮೇಲೆ ಸಿಗ್ನಲ್ ಕಳಿಸಿ ಸುಸ್ತಾಗಿ ನಿಲ್ಲುತ್ತೆ. ಮನುಷ್ಯನ ಸೋಡಿಯಂ ಬಾಗಿಲು ಇದಕ್ಕೆ ಅಷ್ಟು ಸುಲಭಕ್ಕೆ ಬಗ್ಗಲ್ಲ, ನಮ್ಮ ಮೈ ಬಿಸಿಯೂ ಹೆಚ್ಚು, ಯಕೃತ್ತು ಈ ವಿಷವನ್ನು ಬೇಗ ಮುರಿದೂ ಹಾಕುತ್ತೆ. ಆದರೂ ಹೊಡೆದವರ ಮುಖ, ಕೈ ಚುರುಚುರು ಉರಿಯುತ್ತೆ, ಜುಮುಗುಟ್ಟುತ್ತೆ. ಅದು ಅಲರ್ಜಿಯಲ್ಲ. ಚರ್ಮದಡಿಯ ನರತುದಿಯ ಬಾಗಿಲುಗಳು ಮುಚ್ಚಲಾಗದೆ ಒದ್ದಾಡುವ ಸದ್ದು ಅದು.

ಪ್ರೊಫೆನೋಫಾಸ್ ಆರ್ಗ್ಯಾನೋಫಾಸ್ಫೇಟ್ ಗುಂಪಿನದು. ಅದು ಬಾಗಿಲಿಗೆ ಕೈ ಹಾಕಲ್ಲ, ಆ ಕತ್ತರಿಸುವ ಕಿಣ್ವದ ಕೈ ಕಟ್ಟುತ್ತೆ. ಸಂದಿನಲ್ಲಿ ಅಸಿಟೈಲ್‌ಕೋಲಿನ್ ರಾಶಿ ಬೀಳುತ್ತೆ. ಜೊಲ್ಲು, ಬೆವರು, ಕಣ್ಣೀರು, ಭೇದಿ, ಶ್ವಾಸನಾಳದಲ್ಲಿ ನೀರು, ಚಿಕ್ಕದಾದ ಪಾಪೆ, ಎಲ್ಲವೂ ಅದರಿಂದಲೇ. ಸ್ನಾಯು ಮೊದಲು ಅದುರಿ, ಆಮೇಲೆ ಬಿಗಿಯಲೂ ಆಗದೆ ಸೋಲುತ್ತೆ. ಉಸಿರಾಟದ ಸ್ನಾಯುವೂ ಸ್ನಾಯುವೇ.

ಇವೆರಡನ್ನು ಒಂದೇ ಬಾಟಲಿಯಲ್ಲಿ ಹಾಕಲು ಕಾರಣವಿದೆ. ಪೈರೆಥ್ರಾಯ್ಡ್ ವಿಷವನ್ನು ಮುರಿಯುವ ಕಿಣ್ವಗಳೂ ಆ ಎಸ್ಟರೇಸ್ ಕುಟುಂಬದವೇ. ಆರ್ಗ್ಯಾನೋಫಾಸ್ಫೇಟ್ ಅವುಗಳ ಕೈಯನ್ನೂ ಕಟ್ಟುತ್ತೆ. ಒಗ್ಗಿಹೋದ ಕೀಡಿಗೂ ಏಟು ಬೀಳುತ್ತೆ. ಎಣ್ಣಿ ಹೊಡೆಯುವವನ ಮೈಯಲ್ಲೂ ಅದೇ ರಸಾಯನಶಾಸ್ತ್ರ.

ಈ ಗುಂಪಿನ ಇತಿಹಾಸ ಹೇಳದೆ ಮುಂದೆ ಹೋಗಲಾರೆ. 1930ರ ದಶಕದಲ್ಲಿ ಜರ್ಮನಿಯ ಐಜಿ ಫಾರ್ಬೆನ್ ಕಂಪನಿಯಲ್ಲಿ ಗೆರ್‌ಹಾರ್ಡ್ ಶ್ರಾಡರ್ ಕೀಟನಾಶಕ ಹುಡುಕುತ್ತಾ 1936ರಲ್ಲಿ ಟಾಬುನ್, 1938ರಲ್ಲಿ ಸಾರಿನ್ ಕಂಡುಹಿಡಿದರು. ಎರಡೂ ಯುದ್ಧದ ನರವಿಷಗಳು. ಹೊಲದ ಆರ್ಗ್ಯಾನೋಫಾಸ್ಫೇಟ್‌ಗಳು ಅವುಗಳ ದುರ್ಬಲ ಸೋದರರು, ಹಿಡಿಯುವ ಕಿಣ್ವ ಅದೇ. 2013ರ ಜುಲೈನಲ್ಲಿ ಬಿಹಾರದ ಸಾರನ್ ಜಿಲ್ಲೆಯಲ್ಲಿ ಬಿಸಿಯೂಟ ತಿಂದು 23 ಮಕ್ಕಳು ಸತ್ತಿದ್ದು ಮೊನೊಕ್ರೊಟೊಫಾಸ್‌ನಿಂದ. 2018ರ ಡಿಸೆಂಬರ್ 14ರಂದು ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯ ಮಾರಮ್ಮ ದೇವಸ್ಥಾನದ ಪ್ರಸಾದಕ್ಕೆ ಬೆರೆಸಿದ್ದೂ ಅದೇ, 17 ಜನ ಸತ್ತರು. ಮೊನೊಕ್ರೊಟೊಫಾಸ್ 36 ಎಸ್‌ಎಲ್ ನಿಲ್ಲಿಸುವ ಆದೇಶ ಕೇಂದ್ರದಿಂದ ಬಂದಿದ್ದು 2023ರಲ್ಲಿ. ಅದು ಊಟದಲ್ಲಿ ಬಿದ್ದಾಗ ದೇಶ ಬೆಚ್ಚಿಬೀಳುತ್ತೆ. ಚರ್ಮದ ಮೂಲಕ ಪಂಪಿನ ಲೆಕ್ಕದಲ್ಲಿ ಇಳಿದಾಗ ಸುದ್ದಿಯಾಗಬೇಕಾದರೆ 2017ರ ಯವತ್ಮಾಳ್ ಆಗಬೇಕು. ನಮ್ಮಂಥದೇ ಕರಿಮಣ್ಣಿನ ಆ ಜಿಲ್ಲೆಯಲ್ಲಿ ಹತ್ತಿಗೆ ಸಿಂಪಡಿಸುತ್ತಾ ಒಂದೇ ಹಂಗಾಮಿನಲ್ಲಿ 20ಕ್ಕೂ ಹೆಚ್ಚು ಜನ ಸತ್ತಿದ್ದರು.

ಕೂಲಿ ಹುಡುಗ

ಈಗ ಆ ಹುಡುಗನ ವಿಷಯ. ಮಾಮಾನ ಹಾಗೇ ಅವನೂ ಬೆಳಗ್ಗೆಯಿಂದ ಹೊಡೆದಿದ್ದ. ಮಾಮಾನಿಗಿಂತ ಎರಡು ಪಂಪು ಹೆಚ್ಚೇ ಹೊಡೆದಿದ್ದ. ಮಾಮಾನನ್ನು ಕಾರಿಗೆ ಹತ್ತಿಸುವಾಗ ಅವನು ಎಲ್ಲಿ ಅಂತ ಯಾರೂ ಕೇಳಲಿಲ್ಲ. ಆಸ್ಪತ್ರೆಯಲ್ಲಿ ನಾನೂ ಕೇಳಲಿಲ್ಲ. ಮಾರನೇ ದಿನ ಮಧ್ಯಾಹ್ನ, ಮಾಮಾ ಮಾತಾಡುವಂತಾದ ಮೇಲೆ, ಅವರೇ ಕೇಳಿದರು: "ಅಂವ ಹ್ಯಾಂಗ ಹಾನ?" ನಮ್ಮಲ್ಲಿ ಯಾರ ಹತ್ತಿರವೂ ಉತ್ತರ ಇರಲಿಲ್ಲ. ಅವನ ಫೋನ್ ನಂಬರ್ ಕೂಡ ಇರಲಿಲ್ಲ.

ಅವನು ಮನೆಯಲ್ಲೇ ಮಲಗಿದ್ದ. ತಲೆನೋವು, ವಾಂತಿ, ಬೆವರು. ಬಿಸಿಲು ಬಡಿದಿದೆ ಅಂದುಕೊಂಡು ಕಿರಾಣಿ ಅಂಗಡಿಯಿಂದ ಓಆರ್‌ಎಸ್ ಅಂತ ಬರೆದಿದ್ದ ಜ್ಯೂಸ್ ಡಬ್ಬಿ ತರಿಸಿ ಕುಡಿದಿದ್ದ. ಅವನು ತಪ್ಪಿದ್ದರಲ್ಲಿ ಆಶ್ಚರ್ಯವಿಲ್ಲ, ನಮ್ಮ ಕಡೆ ವಾಂತಿ, ಬೆವರು, ನಿತ್ರಾಣ ಅಂದರೆ ಮೊದಲು ನೆನಪಾಗುವುದೇ ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳೇ ಬೆಳಗ್ಗೆ 8ಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಬಾಗಿಲು ಹಾಕುವ ವಿಭಾಗ ಇದು. ಅಂದಹಾಗೆ, ನಿಜವಾದ ಓಆರ್‌ಎಸ್ ಕೂಡ ಅಯಾನು ಸಾಗಣೆಯ ಕಥೆಯೇ. ಕರುಳಿನಲ್ಲಿ ಒಂದು ಜೋಡಿ ಬಾಗಿಲಿದೆ, ಸೋಡಿಯಂ ಮತ್ತು ಗ್ಲುಕೋಸ್ ಒಟ್ಟಿಗೆ ಬಂದರೆ ಮಾತ್ರ ಒಳಗೆ ಬಿಡುತ್ತೆ, ಅವುಗಳ ಹಿಂದೆ ನೀರು ಬರುತ್ತೆ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಲ್ಲಿ ಲೀಟರಿಗೆ 75 ಮಿಲಿಮೋಲ್ ಸೋಡಿಯಂ, ಅಷ್ಟೇ 75 ಗ್ಲುಕೋಸ್. ಸಕ್ಕರೆ ಸುರಿದ ಜ್ಯೂಸಿನಲ್ಲಿ ಈ ಲೆಕ್ಕ ಇರಲ್ಲ, ಭೇದಿಯಾದಾಗ ಅದು ನೀರನ್ನು ಕರುಳಿಗೇ ಎಳೆಯಬಹುದು. ಅಂಥ ಡಬ್ಬಿಗಳ ಮೇಲೆ ಓಆರ್‌ಎಸ್ ಅನ್ನುವ ಹೆಸರು ಹಾಕಬಾರದು ಅಂತ ಎಫ್‌ಎಸ್‌ಎಸ್‌ಎಐ ಆದೇಶ ಹೊರಡಿಸಿದ್ದು 2025ರ ಅಕ್ಟೋಬರ್‌ನಲ್ಲಿ. ಏನೇ ಇರಲಿ, ಕಿಣ್ವದ ಕೈ ಕಟ್ಟಿದವನಿಗೆ ಅಸಲಿ ಓಆರ್‌ಎಸ್ ಕೂಡ ಮದ್ದಲ್ಲ.

ಅವನನ್ನು ಆ ಸಂಜೆ ಕಲಬುರಗಿಗೆ ಕರೆತಂದೆವು. ಪಾಪೆ ಸಣ್ಣದಿತ್ತು, ಎದೆ ಗೊರಗೊರ ಅನ್ನುತ್ತಿತ್ತು. ಉಳಿದ. ಮೈಗೆ ಇಳಿದದ್ದು ಸ್ವಲ್ಪ ಕಡಿಮೆ ಇತ್ತೇನೋ, ವಯಸ್ಸು ಸಣ್ಣದೇನೋ.

ಮದ್ದಿನ ಕೆಲಸ ತಿಳಿದುಕೊಂಡಿದ್ದರೆ ಒಳ್ಳೆಯದು. ಅಟ್ರೋಪಿನ್ ಅಸಿಟೈಲ್‌ಕೋಲಿನ್ ತಟ್ಟುವ ಒಂದು ಬಗೆಯ ಗ್ರಾಹಕಗಳನ್ನು ಮುಚ್ಚುತ್ತೆ, ಎದೆಯ ನೀರು ಒಣಗುವ ತನಕ ಡೋಸ್ ಏರಿಸುತ್ತಾ ಹೋಗುತ್ತಾರೆ. ಸ್ನಾಯುವಿನ ಬಾಗಿಲಿನ ಮೇಲೆ ಅದಕ್ಕೆ ಹಿಡಿತವಿಲ್ಲ, ಉಸಿರಾಟದ ಸ್ನಾಯು ಸೋತರೆ ವೆಂಟಿಲೇಟರೇ ಗತಿ. ಪ್ರಾಲಿಡಾಕ್ಸಿಮ್ ಎಂಬ ಇನ್ನೊಂದು ಮದ್ದು ಕಿಣ್ವದ ಕಟ್ಟು ಬಿಚ್ಚಲು ನೋಡುತ್ತೆ, ಆದರೆ ಕಟ್ಟು ಬಿಗಿಯಾಗುವ ಮೊದಲು ಕೊಡಬೇಕು. ಅದರ ಲಾಭ ಎಷ್ಟು ಅನ್ನುವುದರ ಬಗ್ಗೆ ವೈದ್ಯರಲ್ಲೇ ವಾದವಿದೆ. ಇನ್ನೊಂದು ಮಾತು: ಮೊದಲ ಲಕ್ಷಣ ಇಳಿದು 1ರಿಂದ 4 ದಿನದ ನಡುವೆ ಕುತ್ತಿಗೆ ಎತ್ತಲಾಗದ, ಉಸಿರು ಸೋಲುವ ಎರಡನೇ ಹಂತ ಬರಬಹುದು. ಶ್ರೀಲಂಕಾದ ವೈದ್ಯರು 1987ರಲ್ಲಿ ಇದನ್ನು ಮೊದಲು ವಿವರಿಸಿದರು. "ಆರಾಮಾಗ್ಯಾನ, ಮನಿಗಿ ಕರ್ಕೊಂಡು ಹೋಗ್ತೀವಿ" ಅನ್ನುವ ಮುಂಚೆ ಇದು ನೆನಪಿರಲಿ.

(ನಾಗರಹಾವು ಕಚ್ಚಿದಾಗ ಡಾಕ್ಟರ್ ಕೊಡುವ ನಿಯೋಸ್ಟಿಗ್ಮಿನ್ ಇದೇ ಕಿಣ್ವವನ್ನು ತುಸು ಹೊತ್ತು ತಡೆಯುತ್ತೆ. ಹಾವಿನ ವಿಷ ಆಚೆ ದಡದ ಬಾಗಿಲನ್ನು ಮುಚ್ಚಿರುವುದರಿಂದ ಅಲ್ಲಿ ಅಸಿಟೈಲ್‌ಕೋಲಿನ್ ರಾಶಿ ಬೀಳುವುದು ಬೇಕಾಗಿರುತ್ತೆ. ಹೊಲದಲ್ಲಿ ಕೊಲ್ಲುವ ಉಪಾಯವೇ ವಾರ್ಡಿನಲ್ಲಿ ಅಳತೆ ಮಾಡಿ ಬಳಸುವ ಮದ್ದು.)

ಅಳೆಯುವ ಕಾನೂನು ಇದೆ, ಅಳೆಯುವವರು?

1968ರ ಕೀಟನಾಶಕ ಕಾಯ್ದೆ, 1971ರ ನಿಯಮಗಳು ಇವತ್ತಿಗೂ ಜಾರಿಯಲ್ಲಿವೆ. ಆ ನಿಯಮಗಳಲ್ಲಿ ಕೀಟನಾಶಕದ ಕೆಲಸಗಾರರ ವೈದ್ಯಕೀಯ ತಪಾಸಣೆ ಇದೆ, ಆರ್ಗ್ಯಾನೋಫಾಸ್ಫೇಟ್ ಮುಟ್ಟುವವರ ರಕ್ತದಲ್ಲಿ ಕೋಲಿನೆಸ್ಟರೇಸ್ ಅಳೆಯಬೇಕು ಅಂತಲೂ ಇದೆ. ಅರ್ಧ ಶತಮಾನದ ಹಿಂದೆಯೇ ಯಾರೋ ಈ ಕಿಣ್ವವನ್ನು ಕಾನೂನಿನೊಳಗೆ ಬರೆದಿದ್ದಾರೆ ಅನ್ನೋದು ನೋಡಿ ನನಗೆ ಖುಷಿಯೇ ಆಯಿತು. ಆದರೆ ಆ ನಿಯಮದ ಕಣ್ಣಿಗೆ ಕಾಣುವುದು ಕಾರ್ಖಾನೆ ಮತ್ತು ವಾಣಿಜ್ಯ ಕೀಟನಿಯಂತ್ರಣದ ಕಂಪನಿ. ಪಂಪಿಗಿಷ್ಟು ಅಂತ ಬಾಯಿಮಾತಿನಲ್ಲಿ ಕರೆದ ಹುಡುಗನಿಗೆ ಮಾಲೀಕ ಯಾರು? ನನ್ನ ಮಾಮಾನೇ? ಅವರ ರಕ್ತವನ್ನೇ ಯಾರೂ ಅಳೆದಿಲ್ಲ.

ಲೇಬಲ್ ಮೇಲಿನ ತ್ರಿಕೋನದ್ದೂ ಇಂಥದೇ ಪಾಡು. ಕೆಂಪು, ಹಳದಿ, ನೀಲಿ, ಹಸಿರು. ನಾವೆಲ್ಲ ಟ್ರಾಫಿಕ್ ಸಿಗ್ನಲ್ ನೋಡಿ ಬೆಳೆದವರು, ಹಳದಿ ಅಂದರೆ ನಿಧಾನ, ಹಸಿರು ಅಂದರೆ ಹೋಗು. ಬಾಟಲಿಯ ಮೇಲೆ ಹಳದಿ ಅಂದರೆ ಹೆಚ್ಚು ವಿಷ, ಕೆಂಪಿಗೆ ಒಂದೇ ಮೆಟ್ಟಿಲು ಕೆಳಗೆ. ಹಸಿರು ಅಂದರೂ ವಿಷ, ಪ್ರಮಾಣ ಕಡಿಮೆ ಅಷ್ಟೇ.

ರಕ್ಷಾಕವಚ ಹಾಕಿಕೊಳ್ಳಲಿ ಅನ್ನುವುದು ಸುಲಭದ ಸಲಹೆ. ಆಳೆತ್ತರದ ತೊಗರಿ ಸಾಲಿನಲ್ಲಿ, ಗಾಳಿಯಾಡದ ಕಡೆ, 16 ಲೀಟರ್ ಬೆನ್ನಿಗೆ ಕಟ್ಟಿಕೊಂಡು, ಪ್ಲಾಸ್ಟಿಕ್ ಕೋಟು ತೊಟ್ಟು ಅರ್ಧ ಗಂಟೆ ನಡೆದು ನೋಡಿ. ನಾನು ನೋಡಿದ್ದೇನೆ, ಖಾಲಿ ನೀರು ತುಂಬಿಕೊಂಡು. ಇಪ್ಪತ್ತು ನಿಮಿಷಕ್ಕೆ ಕಳಚಿದೆ. ಹೂವು ಕಾಯಿ ಎದೆ, ಮುಖದ ಮಟ್ಟಕ್ಕೇ ಇರುವುದರಿಂದ ತೊಗರಿಯಲ್ಲಿ ನಳಿಕೆ ಮೇಲಕ್ಕೆ ಎತ್ತಿಯೇ ಹೊಡೆಯಬೇಕು, ಹನಿ ವಾಪಸ್ ನಮ್ಮ ಮೇಲೇ ಬೀಳುತ್ತೆ.

ಬೇರೆ ಬಾಗಿಲುಗಳನ್ನು ಹಿಡಿಯುವ ಎಣ್ಣಿಗಳೂ ಅಂಗಡಿಯಲ್ಲಿವೆ. ಎಮಾಮೆಕ್ಟಿನ್ ಬೆಂಜೋಯೇಟ್ ಕೀಟಗಳ ಒಂದು ಬಗೆಯ ಕ್ಲೋರೈಡ್ ಬಾಗಿಲನ್ನು ತೆರೆದಿಡುತ್ತೆ, ಬೆನ್ನೆಲುಬಿರುವ ಪ್ರಾಣಿಗಳಲ್ಲಿ ಆ ಬಾಗಿಲೇ ಇಲ್ಲ. ಕ್ಲೋರಾಂಟ್ರಾನಿಲಿಪ್ರೋಲ್ ಕೀಡಿಯ ಸ್ನಾಯುವಿನೊಳಗಿನ ಕ್ಯಾಲ್ಸಿಯಂ ದಾಸ್ತಾನಿನ ಬಾಗಿಲು ತೆಗೆದುಬಿಡುತ್ತೆ. ಮನುಷ್ಯನಲ್ಲಿ ಆ ಬಾಗಿಲಿದ್ದರೂ ರಚನೆ ಬೇರೆ, ಈ ಕೀಲಿ ಅದಕ್ಕೆ ಸರಿಯಾಗಿ ಕೂರಲ್ಲ. ಇಂಡಾಕ್ಸಾಕಾರ್ಬ್ ಸೋಡಿಯಂ ಬಾಗಿಲನ್ನೇ ಮುಚ್ಚುತ್ತೆ, ಆದರೆ ಕೀಡಿಯ ಹೊಟ್ಟೆಯ ಕಿಣ್ವ ಅದನ್ನು ಅಸಲಿ ವಿಷವಾಗಿ ಮಾರ್ಪಡಿಸಿದ ಮೇಲೆ. ಮೂರೂ ತೊಗರಿಗೆ ನೋಂದಣಿಯಾದವು. ಮನುಷ್ಯನಿಗೆ ಪೂರಾ ನಿರುಪದ್ರವಿ ಅಂತಲ್ಲ, ಇಂಡಾಕ್ಸಾಕಾರ್ಬ್ ಕುಡಿದವರ ರಕ್ತ ಆಮ್ಲಜನಕ ಹೊರಲಾಗದ ಸ್ಥಿತಿಗೆ ಹೋದ ಪ್ರಕರಣಗಳಿವೆ. ಆದರೆ ಕೋಲಿನೆಸ್ಟರೇಸ್ ಗೊಡವೆಗೆ ಇವು ಹೋಗಲ್ಲ. ಹಳೆಯ ಆರ್ಗ್ಯಾನೋಫಾಸ್ಫೇಟ್‌ಗಳು ಅಗ್ಗ, ಅಂಗಡಿಯಲ್ಲಿ ಉದ್ರಿ ಸಿಗುತ್ತವೆ. ನರದ ಮೇಲಿನ ಅಪಾಯ ಯಾರ ಪಾಲಿಗೆ ಎಷ್ಟು ಅನ್ನುವುದನ್ನು ನಮ್ಮ ಕಡೆ ತೀರ್ಮಾನಿಸುವುದು ಉದ್ರಿ ಪುಸ್ತಕ. ಕೃಷಿ ಇಲಾಖೆಗೆ ಕೇಳಬೇಕಾದ್ದು ಇದು: ತೊಗರಿ ಕಣಜ ಅಂತ ಬೋರ್ಡು ಹಾಕಿಕೊಂಡ ಜಿಲ್ಲೆಯಲ್ಲಿ, ಹೂಬಿಡುವ ಎರಡು ತಿಂಗಳು, ಎಣ್ಣಿ ಹೊಡೆಯುವ ಕೂಲಿಕಾರರ ಕೋಲಿನೆಸ್ಟರೇಸ್ ಅಳೆಯಲು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಏನು ಕೊಟ್ಟಿದ್ದೀರಿ?

ಎಣ್ಣಿಯೇ ಬೇಡದ ಉಪಾಯವೂ ಒಂದಿದೆ. ಕೃಷಿ ವಿಜ್ಞಾನಿಗಳೂ ಹೇಳುತ್ತಾರೆ, ಹಿರಿಯರಿಗೂ ಗೊತ್ತು. ಸಾಲಿನ ನಡುವೆ ತಾಡಪತ್ರಿ ಹಾಸಿ ಗಿಡ ಅಲುಗಿಸಿದರೆ ಕೀಡಿ ಉದುರುತ್ತವೆ, ಕೂಡಿಸಿ ನಾಶ ಮಾಡಬಹುದು. ಆಳು ಬೇಕು, ಹೊತ್ತು ಹಿಡಿಯುತ್ತೆ. ಮಾಮಾ ಹೋದ ವರ್ಷ ಅರ್ಧ ಹೊಲಕ್ಕೆ ಹೀಗೆ ಮಾಡಿದರು, ಉಳಿದರ್ಧಕ್ಕೆ ಎಣ್ಣಿ ಹೊಡೆಸಿದರು. ಪೂರ್ತಿ ಬಿಡಲು ಧೈರ್ಯ ಸಾಲಲಿಲ್ಲ, ಅದನ್ನು ತಪ್ಪು ಅನ್ನಲು ನನಗೂ ಬಾಯಿ ಬರಲಿಲ್ಲ.

ಎಣ್ಣಿ ಹೊಡೆಯುವವರು ನಿಮ್ಮ ಮನೆಯಲ್ಲಿದ್ದರೆ ಇಷ್ಟು ಹೇಳಿಡಿ. ಮೈಮೇಲೆ ಚೆಲ್ಲಿದರೆ ಬಟ್ಟೆ ಅಲ್ಲೇ ಕಳಚಿ ಸೋಪು ಹಾಕಿ ತೊಳೆಯಬೇಕು, ಮನೆಗೆ ಹೋದ ಮೇಲಲ್ಲ. ತೊಳೆಯುವವರು ಬರಿಗೈಯಲ್ಲಿ ಮುಟ್ಟಬಾರದು. ಕಣ್ಣು ಮಂಜಾದರೆ, ಜೊಲ್ಲು, ಬೆವರು ಹೆಚ್ಚಾದರೆ, ಸ್ನಾಯು ಅದುರಿದರೆ ಬಿಸಿಲು ಅಂದುಕೊಂಡು ಮಲಗಬಾರದು, ಬಲವಂತವಾಗಿ ವಾಂತಿ ಮಾಡಿಸಬಾರದು. 108ಕ್ಕೆ ಫೋನ್ ಮಾಡಿ. ಬಾಟಲಿ ಜತೆಗೆ ಒಯ್ಯಿರಿ, ಇಲ್ಲವೇ ಲೇಬಲ್ಲಿನ ಫೋಟೋ. ಜತೆಗೆ ಹೊಡೆದ ಇನ್ನೊಬ್ಬರು ಎಲ್ಲಿದ್ದಾರೆ ಅಂತ ಕೇಳಿ.

ಆ ಹುಡುಗನ ನಂಬರ್ ಈಗ ನನ್ನ ಹತ್ತಿರ ಇದೆ. ಹಂಗಾಮಿನಲ್ಲಿ ಪಂಪು ಹೊರುವ ಮುಂಚೆ ಬಾಟಲಿಯ ಫೋಟೋ ವಾಟ್ಸಾಪ್ ಮಾಡುತ್ತಾನೆ, "ಅಣ್ಣಾ, ಇದು ಯಾವ್ದು?" ಅಂತ. ಹೋದ ತಿಂಗಳು ಕಳಿಸಿದ್ದರಲ್ಲಿ ತ್ರಿಕೋನ ಹಳದಿಯಿತ್ತು. ಕನ್ನಡದಲ್ಲಿ ಬರೆದ ಸಾಲುಗಳೂ ಇದ್ದವು. ಎರಡು ಬೆರಳಿನಿಂದ ಹಿಗ್ಗಿಸಿ ನೋಡಿದೆ, ಅಕ್ಷರ ಒಡೆದುಹೋದವು. ಇನ್ನೊಂದು ಫೋಟೋ ಹತ್ತಿರದಿಂದ ತೆಗೆದು ಕಳಿಸು, ಅಲ್ಲಿ ತನಕ ಮುಚ್ಚಳ ತೆಗೀಬೇಡ ಅಂತ ಬರೆದೆ.